ರಫೂ ಅಜ್ಜನ ಅಂಗಡಿಗೆ ಬಂದವಳು

"ಮುಟ್ಟಬೇಡ ಅಕ್ಕ," ಅಂದ ತಮ್ಮ. ನಾನು ಆಗಲೇ ಮುಟ್ಟಿಯಾಗಿತ್ತು.

ರಫೂ ಅಜ್ಜನ ಕೈ ತಣ್ಣಗಾಗಿ, ಸೆಟೆದುಕೊಂಡು ಹೊಲಿಗೆ ಮೇಜಿನ ಮೇಲೆ ಬಿದ್ದಿತ್ತು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಂಡಿದ್ದ ತಗಡಿನ ಟೊಪ್ಪಿ ಹಾಗೇ ಇತ್ತು. ಮುಖ ಮಾತ್ರ ಒಗೆದು ಒಗೆದು ಬಣ್ಣ ಹೋದ ಬಟ್ಟೆಯ ಹಾಗೆ ಬಿಳಿಚಿಕೊಂಡಿತ್ತು. ಮೈಯಲ್ಲಿ ಒಂದು ಹನಿ ರಕ್ತ ಉಳಿದಿರಲಿಲ್ಲ. ಕುತ್ತಿಗೆಯ ಬಲಗಡೆ ಎರಡು ತೂತು.

ತಮ್ಮ ಈ ಬಡಾವಣೆಯ ಇನ್‌ಸ್ಪೆಕ್ಟರು. ನಾನು ಪತ್ತೇದಾರಿಗೆ ಇಳಿದು ತಲೆ ನರೆಸಿಕೊಂಡವಳು. ಅವನಿಗೆ ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸಿದ್ದೂ ನಾನೇ ಆದ್ದರಿಂದ, ಠಾಣೆಗೆಲ್ಲ ಸಾಹೇಬನಾದರೂ ನನ್ನ ಮುಂದೆ ಅವನ ಜಬರ್ದಸ್ತು ನಡೆಯುವುದಿಲ್ಲ. ಇವತ್ತು ಅವನು ನನ್ನ ಮುಖ ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದ, ಚಾವಣಿ ನೋಡುತ್ತಿದ್ದ, ತನ್ನ ಬೂಟು ನೋಡುತ್ತಿದ್ದ.

ಯಾಕೆಂದು ನನಗೆ ಗೊತ್ತಿತ್ತು. ಎರಡು ತೂತು ಅಂದರೆ ರಕ್ತ ಕುಡಿಯುವವರ ಕೆಲಸ. ಈ ಬಡಾವಣೆಯಲ್ಲಿ ಅಂಥವರು ಇರುವುದು ಒಬ್ಬರೇ. ಅವರು ನನ್ನ ಗಂಡ.

ಜನ ರಕ್ತಪಿಶಾಚಿ ಅನ್ನುತ್ತಾರೆ. ನನ್ನ ಎದುರು ಅನ್ನುವುದಿಲ್ಲ, ಒಮ್ಮೆ ಅಂದವನ ಕೆನ್ನೆ ಊದಿತ್ತು. ಮದುವೆಯಾದ ಮೇಲೆ ನನಗೆ ಕೂದಲು ಬೆಳ್ಳಗಾಯಿತು, ಕನ್ನಡಕ ಬಂತು, ಸೊಂಟ ಹಿಡಿದುಕೊಳ್ಳಲು ಶುರುವಾಯಿತು. ಇವರು ಮಾತ್ರ ಮದುವೆಯ ದಿನ ಹೇಗಿದ್ದರೋ ಹಾಗೇ ಇದ್ದಾರೆ. ಈಚೆಗೆ ನೋಡಿದವರು ಮಗನಾ ಅಂತ ಕೇಳುತ್ತಾರೆ, ನಾನು ಅವರಿಗೆ ನೆಟ್ಟಗೆ ಉತ್ತರ ಕೊಡುವುದಿಲ್ಲ. ಆಸ್ಪತ್ರೆಯವರು ಕಳಿಸುವ ಪೊಟ್ಟಣದ ರಕ್ತ ಬಿಟ್ಟು ಇಷ್ಟು ವರ್ಷದಲ್ಲಿ ಒಂದು ಕೋಳಿಯ ಕುತ್ತಿಗೆಗೂ ಇವರು ಬಾಯಿ ಹಾಕಿದವರಲ್ಲ.

ಕಾನೂನಿಗೆ ಅದೆಲ್ಲ ಬೇಕಿಲ್ಲ. ಇವರ ಪೈಕಿ ಯಾರಾದರೂ ಕೊಂದರೆ ಕೋರ್ಟು ಇಲ್ಲ, ವಕೀಲರಿಲ್ಲ. ಠಾಣೆಯ ಹಿಂದೆ ಮೇಲೆ ಚಾವಣಿಯೇ ಇಲ್ಲದ ಒಂದು ಕೋಣೆ ಇದೆ. ರಾತ್ರಿ ಅದರೊಳಗೆ ಕೂಡಿ ಬೀಗ ಹಾಕಿದರೆ ಆಯಿತು, ಉಳಿದ ಕೆಲಸ ಸೂರ್ಯನದು. ಬಿಸಿಲಿಗೆ ಹಾಕುವುದು ಅನ್ನುತ್ತಾರೆ ಅದಕ್ಕೆ, ಬೇಳೆ ಒಣಹಾಕಿದಷ್ಟು ಸಲೀಸಾಗಿ.

ಕೊನೆಗೂ ತಮ್ಮ ನನ್ನ ಕಡೆ ತಿರುಗಿದ.

"ಕತ್ತಲಾಗೋವರೆಗೆ ನಾನು ತಡೀಬಲ್ಲೆ ಅಕ್ಕ. ಅಷ್ಟರೊಳಗೆ ಬೇರೆ ಯಾರ ಕಡೆಯಾದ್ರೂ ನೀನು ಕೈ ತೋರಿಸು, ಯಾಕೆ ಏನು ಅಂತ ಕೇಳದೆ ಹಿಡ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಭಾವನ್ನ ಕರ್ಕೊಂಡು ಹೋಗಲೇಬೇಕು. ಬೇರೆಯವರು ಬಂದು ಎಳ್ಕೊಂಡು ಹೋಗೋದಕ್ಕಿಂತ ನಾನೇ ಬರ್ತೀನಿ."

ಮದುವೆಗೆ ನಮ್ಮ ಮನೆಯಲ್ಲಿ ಎಲ್ಲರೂ ಬೆನ್ನು ತಿರುಗಿಸಿದಾಗ ಒಬ್ಬನೇ ಬಂದು ನಿಂತವನು ಇವನು. ಭಾವ ಅಂದರೆ ಅವನಿಗೆ ಜೀವ.

ಕೆಲಸ ಶುರು ಮಾಡಿದೆ. ಅಳುವುದಕ್ಕೆ ಆಮೇಲೆ ಸಮಯವಿರುತ್ತದೆ.

ಶಟರು ಅರ್ಧ ಇಳಿದಿತ್ತು. ಇದು ಮುಖ್ಯ. ಅಂಗಡಿ ತೆರೆದಿದ್ದಾಗ ಯಾರು ಬೇಕಾದರೂ ಬರಬಹುದು. ಶಟರು ಇಳಿಸಿದ ಮೇಲೆ ಅದು ಮನೆಯಿದ್ದ ಹಾಗೆ, ಒಳಗಿನವರು ಬಾಯಿಬಿಟ್ಟು ಬಾ ಅನ್ನದೆ ರಕ್ತ ಕುಡಿಯುವವರು ಹೊಸ್ತಿಲು ದಾಟಲಾರರು. ಅಂದರೆ ಅಜ್ಜನೇ ಕರೆದಿದ್ದಾನೆ. ಗುರುತಿನವರನ್ನೇ ಕರೆದಿದ್ದಾನೆ.

ಇನ್ನೊಂದು, ಗಿರಾಕಿಗಳು ಕೂರುವ ಸ್ಟೂಲು. ಮಾತಿಗೆ ಬಂದವರು ಅಜ್ಜನ ಕಡೆ ತಿರುಗಿ ಕೂರುತ್ತಾರೆ. ಈ ಸ್ಟೂಲು ಬಟ್ಟೆ ಗಂಟುಗಳ ಮರೆಯಲ್ಲಿ, ಬಾಗಿಲಿಗೆ ಎದುರಾಗಿತ್ತು. ಕೂತವರು ಬಾಗಿಲ ಮೇಲೆ ಕಣ್ಣಿಟ್ಟು ಯಾರನ್ನೋ ಕಾದಿದ್ದರು. ಬಹಳ ಹೊತ್ತು ಕಾದಿದ್ದರು ಅನ್ನುವುದಕ್ಕೆ ಕೆಳಗೆ ಧೂಳಿನಲ್ಲಿ ಹಿಮ್ಮಡಿ ಉಜ್ಜಿ ಉಜ್ಜಿ ನೆಲ ಕಾಣುತ್ತಿತ್ತು. ಕೊಲ್ಲಲು ಬಂದವರು ಕಾಯುತ್ತಾ ಕೂರುವುದು ಯಾಕೆ? ಕೊಲ್ಲಬೇಕಾದವನು ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದನಲ್ಲ.

ಆಮೇಲೆ ಮೇಜಿನ ಮೇಲಿದ್ದ ಅಂಗಿ ಕಣ್ಣಿಗೆ ಬಿತ್ತು.

ಗೊತ್ತಿಲ್ಲದವರಿಗೆ ಅಜ್ಜ ಹರಿದ ಕೋಟು, ಸುಟ್ಟ ಪ್ಯಾಂಟು ಸರಿಮಾಡುವ ರಫೂಗಾರ. ಗೊತ್ತಿದ್ದವರು ಬೇರೆ ಕೆಲಸಕ್ಕೆ ಬರುತ್ತಿದ್ದರು. ಕಳೆದುಹೋದ ಯಾವುದೋ ಒಂದು ದಿನಕ್ಕೆ ವಾಪಸ್ ಹೋಗಬೇಕೆಂದರೆ ಆ ದಿನ ತೊಟ್ಟಿದ್ದ ಬಟ್ಟೆ ತಂದುಕೊಡಬೇಕು. ಅಜ್ಜ ಅದರ ಪಕ್ಕದ ಹೊಲಿಗೆ ಬಿಚ್ಚಿ, ತನ್ನಷ್ಟಕ್ಕೆ ಏನೋ ಗುನುಗಿಕೊಳ್ಳುತ್ತಾ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಕೊಡುತ್ತಿದ್ದ. ತೊಟ್ಟರೆ ಆ ದಿನದಲ್ಲಿರುತ್ತೀರಿ. ಕೆಂಪು ದಾರ ಕಿತ್ತರೆ ಹೊರಟಲ್ಲಿಗೇ ವಾಪಸ್. ಕೀಳದಿದ್ದರೆ ಅಲ್ಲೇ. ಇಂಥ ಮಾಟ ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ, ಅವರಲ್ಲಿ ಒಬ್ಬ ನಮ್ಮ ಬೀದಿಯಲ್ಲಿದ್ದ.

ಮೇಜಿನ ಮೇಲಿದ್ದದ್ದು ಗಿಡ್ಡ ಕಾಲರಿನ ಹಳೇ ಬಿಳಿ ಅಂಗಿ. ಕಾಲರಿನ ಹತ್ತಿರ ಕಂದು ಕಲೆ. ಎಡಗಡೆ ಹೊಲಿಗೆ ಕಂಕುಳವರೆಗೂ ಬಿಚ್ಚಿತ್ತು, ಕೆಂಪು ದಾರ ಅರ್ಧಕ್ಕೆ ನಿಂತಿತ್ತು. ಇವರ ಪೆಟ್ಟಿಗೆಯ ತಳದಲ್ಲಿ ನಾನೇ ಎಷ್ಟೋ ಸಲ ನೋಡಿ, ಬಿಸಾಡಿ ಅಂದಿದ್ದ ಅಂಗಿ ಅದು. ನಾನು ಹುಟ್ಟುವುದಕ್ಕೂ ಮುಂಚೆ ಒಂದು ಸಂಜೆ ಯಾವುದೋ ಓಣಿಯಲ್ಲಿ ಯಾರೋ ಇವರನ್ನು ಕಚ್ಚಿ ಹೀಗೆ ಮಾಡಿದಾಗ ಇವರ ಮೈಮೇಲಿದ್ದ ಅಂಗಿ.

ಆ ದಿನಕ್ಕೆ ಹೋಗಲು ಹೊರಟಿದ್ದರು. ನನಗೆ ಒಂದು ಮಾತೂ ಹೇಳದೆ.

ಅಂಗಿಯನ್ನು ಮಡಚಿ ಕೋಟಿನೊಳಗೆ ಸೇರಿಸಿಕೊಂಡೆ. ತಮ್ಮ ನೋಡಿದ. ಮತ್ತೆ ಚಾವಣಿ ನೋಡತೊಡಗಿದ.

*

ಬೀದಿಯ ಆಚೆ ಬದಿ ಇಸ್ತ್ರಿ ಅಂಗಡಿ. ಅಲ್ಲಿನ ಹೆಂಗಸು ಬಟ್ಟೆಗಿಂತ ಹೆಚ್ಚಾಗಿ ಬೀದಿಯನ್ನೇ ನೋಡುವವಳು. ಎಷ್ಟು ಜನರ ಅಂಗಿಯ ಬೆನ್ನು ಸುಟ್ಟಿದ್ದಾಳೋ ಲೆಕ್ಕವಿಲ್ಲ. ನನಗೆ ಅಂಥವರೇ ಬೇಕು. ನಿನ್ನೆ ದೀಪ ಹತ್ತುವ ಹೊತ್ತಿಗೆ ಅಜ್ಜನ ಅಂಗಡಿಗೆ ಯಾರು ಬಂದಿದ್ದರು ಎಂದು ಕೇಳಿದೆ.

ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು.

"ಯಾರು ಬಂದಿದ್ರು ಅಂದ್ರೆ ಏನಮ್ಮ? ನೀವೇ ಬಂದಿದ್ರಲ್ಲ."

ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ. ಇಲ್ಲ. ಅಜ್ಜ ಶಟರು ಅರ್ಧ ಇಳಿಸಿಯಾಗಿತ್ತಂತೆ. ನಾನು ಹೊರಗೆ ನಿಂತು ಕೂಗಿದೆನಂತೆ, ಅಜ್ಜ ಬಗ್ಗಿ ನೋಡಿ ಬಾಮ್ಮ ಒಳಗೆ ಅಂದನಂತೆ. ಇದೇ ನೀಲಿ ಕೋಟು, ಇದೇ ಕನ್ನಡಕ, ಇದೇ ನರೆತ ಕೂದಲು. ಅವಳು ಕೈ ಎತ್ತಿ ಮಾತಾಡಿಸಿದರೆ ನಾನು ತಿರುಗಿಯೂ ನೋಡಲಿಲ್ಲವಂತೆ. ಆ ಬೇಜಾರು ಅವಳಿಗೆ ಇನ್ನೂ ಇತ್ತು.

ನಿನ್ನೆ ಸಂಜೆ ನಾನು ಊರಿನ ಆ ತುದಿಯಲ್ಲಿ, ಯಾರದೋ ಗಂಡ ಎಲ್ಲಿ ಹೋಗುತ್ತಾನೆಂದು ನೋಡುತ್ತಾ ಚಳಿಯಲ್ಲಿ ನಿಂತಿದ್ದೆ. ನನ್ನ ಗಂಡ ಎಲ್ಲಿಗೆ ಹೊರಟಿದ್ದಾರೆಂದು ನೋಡದೆ.

ಇನ್ನೇನಾದರೂ ನೆನಪಿದೆಯಾ ಎಂದೆ. ಅವಳು ಹೇಳಲೋ ಬೇಡವೋ ಎಂದು ಸ್ವಲ್ಪ ನುಲಿದಳು.

"ತಪ್ಪು ತಿಳ್ಕೋಬೇಡಿ. ನಿಮ್ಮ ಬೈತಲೆ ಸೊಟ್ಟಗಿತ್ತು. ಯಾವತ್ತೂ ಅಷ್ಟು ಅಚ್ಚುಕಟ್ಟಾಗಿರ್ತೀರಿ, ನಿನ್ನೆ ನೋಡಿದ್ರೆ ಕಣ್ಣು ಮುಚ್ಚಿಕೊಂಡು ಬಾಚ್ಕೊಂಡ ಹಾಗಿತ್ತು. ಮೈ ಹುಷಾರಿಲ್ವೇನೋ ಅಂದ್ಕೊಂಡೆ."

ನನಗೆ ಬೇಕಾದದ್ದು ಸಿಕ್ಕಿತ್ತು. ರಕ್ತ ಕುಡಿಯುವವರನ್ನು ಕನ್ನಡಿ ತೋರಿಸುವುದಿಲ್ಲ. ಮನೆಯಲ್ಲಿ ಜೊತೆಗೆ ಯಾರಾದರೂ ಇದ್ದರೆ ತಲೆ ಬಾಚಿಕೊಡುತ್ತಾರೆ, ಕಾಲರು ಸರಿಮಾಡುತ್ತಾರೆ. ಯಾರೂ ಇಲ್ಲದವರ ಬೈತಲೆ ಹೀಗೇ ಇರುತ್ತದೆ. ಆದ್ದರಿಂದ ಕೊಂದವಳು ರಕ್ತ ಕುಡಿಯುವವಳು, ಒಂಟಿ, ನನ್ನ ಮುಖ ಹಾಕಿಕೊಂಡು ಬಂದವಳು.

ಮುಖ ಹಾಕಿಕೊಳ್ಳುವುದು ಇಲ್ಲಿ ದೊಡ್ಡ ವಿಷಯವೇನಲ್ಲ. ಮಾರುಕಟ್ಟೆಯ ಹಿಂದೆ ಒಬ್ಬ ಮಾಟಗಾತಿ ಇದ್ದಾಳೆ, ಬೇರೆಯವರ ಮುಖವನ್ನು ಒಂದು ದಿನದ ಮಟ್ಟಿಗೆ ಎರವಲು ಕೊಡುವವಳು. ಹಿಂದೊಮ್ಮೆ ಅವಳನ್ನು ಜೈಲಿಗೆ ಕಳಿಸಿದ್ದು ನಾನೇ. ನನ್ನ ಮೇಲೆ ಹಲ್ಲು ಮಸೆಯುತ್ತಿರುವವರಲ್ಲಿ ಅವಳೇ ಮೊದಲು. ಎದ್ದೆನೋ ಬಿದ್ದೆನೋ ಎಂದು ಅವಳಲ್ಲಿಗೆ ಹೋದೆ.

ಅವಳು ಹಾಸಿಗೆ ಹಿಡಿದಿದ್ದಳು. ಕೈ ಎರಡೂ ನಡುಗುತ್ತಿದ್ದವು. ಈಗ ಬೆಕ್ಕಿನ ಮುಖ ಕೂಡ ಮಾಡಲಾರೆ ಎಂದು ಹೇಳಿಕೊಂಡು ಅತ್ತಳು. ನಿಜವೇ ಎಂದು ನೋಡಲು ನನ್ನ ಮುಖ ಹಾಕಿಕೊಂಡು ತೋರಿಸು ಎಂದೆ. ಪ್ರಯತ್ನಪಟ್ಟಳು. ಅರ್ಧ ಮೂಗು ಬಂತು, ಅದೂ ನನ್ನದಲ್ಲ. ಇಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ. ಊರಿನಲ್ಲಿ ಈ ವಿದ್ಯೆ ಬಲ್ಲವರು ಇನ್ನು ಯಾರೂ ಇಲ್ಲ ಎಂದು ಆಣೆ ಮಾಡಿದಳು.

ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಬೇರೆ ಯಾರು ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅಪರಾಧಿ ಹುಡುಕುವವರ ಹಣೆಬರಹವೇ ಇಷ್ಟು, ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಅನುಮಾನದಿಂದ ನೋಡುತ್ತೇವೆ, ಒಬ್ಬರನ್ನು ಬಿಟ್ಟು.

*

ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ ಇವರು ಎದ್ದು ಕೂತಿದ್ದರು. ಮಂಚದ ಪಕ್ಕದ ಕುರ್ಚಿಗೆ ಬಂದು, ಎಂದಿನಂತೆ ನನಗೆ ಬೆನ್ನು ಮಾಡಿ ಕೂತರು. ನಾನು ಎಂದಿನಂತೆ ಬಾಚಣಿಗೆ ತೆಗೆದುಕೊಂಡೆ. ಮದುವೆಯಾದಾಗಿನಿಂದ ನಮ್ಮ ದಿನ ಶುರುವಾಗುವುದೇ ಹೀಗೆ. ಈ ತಲೆಯಲ್ಲಿ ಒಂದಾದರೂ ಬಿಳಿ ಕೂದಲು ಸಿಗಲಿ ಎಂದು ನಾನು ಹುಡುಕದ ಸಂಜೆಯಿಲ್ಲ.

ಅಜ್ಜ ಸತ್ತ ಸುದ್ದಿ ಹೇಳಿದೆ. ಕತ್ತಲಾದರೆ ತಮ್ಮ ಬರುತ್ತಾನೆಂದೂ ಹೇಳಿದೆ. ಇವರ ಭುಜ ಒಮ್ಮೆ ಅಲುಗಿತು, ಅಷ್ಟೇ. ನಾನು ಆ ಅಂಗಿಯನ್ನು ಇವರ ತೊಡೆಯ ಮೇಲೆ ಹಾಕಿದೆ.

"ಯಾವಾಗ ಹೇಳೋದು ಅಂತ ಇದ್ರಿ?"

"ಹೇಳಿದ್ರೆ ಹೋಗೋಕೆ ಆಗ್ತಿರಲಿಲ್ಲ."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಇವರು ತಿರುಗದೆಯೇ ಮಾತಾಡಿದರು. ಅಂಗಿಯನ್ನು ಹೋದ ವಾರವೇ ಕೊಟ್ಟಿದ್ದರಂತೆ, ಇವತ್ತು ಹೊರಡುವುದಿತ್ತಂತೆ. ಆ ಸಂಜೆಗೆ ಹೋಗಿ, ಆ ಓಣಿಗೆ ಕಾಲಿಡದೆ, ಬೇರೆ ದಾರಿ ಹಿಡಿದು ಮನೆಗೆ ಹೋಗಿಬಿಡುವುದು. ಎಲ್ಲರ ಹಾಗೆ ಹಗಲಲ್ಲಿ ಓಡಾಡಿ, ಎಲ್ಲರ ಹಾಗೆ ಮುದುಕನಾಗಿ, ನಾನು ಹುಟ್ಟುವ ಹೊತ್ತಿಗೆ ಸತ್ತುಹೋಗುವುದು. ನನಗೆ ಇವರು ಯಾರೆಂದೇ ಗೊತ್ತಿರುವುದಿಲ್ಲ. ಹಗಲು ಜೊತೆಗೆ ನಡೆಯುವ ಯಾರೋ ಸಿಗುತ್ತಿದ್ದರು, ಮಕ್ಕಳಾಗುತ್ತಿದ್ದವು, ಮನೆಯವರು ಬೆನ್ನು ತಿರುಗಿಸುತ್ತಿರಲಿಲ್ಲ.

"ನಾನು ಕೇಳಿದ್ನಾ?" ಎಂದೆ. "ಬೇರೆ ಯಾರಾದ್ರೂ ಬೇಕು ಅಂತ ಯಾವತ್ತಾದ್ರೂ ಕೇಳಿದ್ನಾ?"

"ಗುಬ್ಬಿ."

ಮನೆಯೊಳಗೆ ಮಾತ್ರ ಹಾಗೆ ಕರೆಯುತ್ತಾರೆ. ನಾನು ತೆಳ್ಳಗಿದ್ದಾಗ ಇಟ್ಟ ಹೆಸರು, ಈಗ ಕನ್ನಡಿ ನೋಡಿದರೆ ನಗು ಬರುತ್ತದೆ. ಇವರು ನನ್ನ ಕೈ ಹಿಡಿದುಕೊಂಡು ತಮ್ಮ ತಣ್ಣನೆಯ ಕೆನ್ನೆಗೆ ಒತ್ತಿಕೊಂಡರು.

"ನಿನ್ನ ಎದೆ ಬಡಿತ ನನಗೆ ಗೋಡೆಯಾಚೆಗೂ ಕೇಳುತ್ತೆ. ಈಚೆಗೆ ಅದು ಎಡವುತ್ತೆ. ನೀನು ಮಲಗಿದಾಗ ಎಡವಿ, ನಿಂತು, ಮತ್ತೆ ಹೊರಡುತ್ತೆ. ನಿಲ್ಲೋದನ್ನ ಕೇಳ್ತಾ ಕೂರೋದು ನನ್ನಿಂದ ಆಗಲ್ಲ. ಅದಾದ ಮೇಲೂ ನಾನು ಇರ್ತೀನಲ್ಲ, ಸಾಯದೆ, ಅದು ನನ್ನಿಂದ ಆಗಲ್ಲ."

ಹಾಗಿದ್ದರೆ ನನ್ನನ್ನೂ ನಿಮ್ಮ ಹಾಗೆ ಮಾಡಿ ಎಂದು ಎಷ್ಟೋ ಸಲ ಕೇಳಿದ್ದೆ. ತಾನು ಅನುಭವಿಸಿದ್ದು ಸಾಕು, ನಿನಗೆ ಬೇಡ ಎಂದು ಪ್ರತಿ ಸಲವೂ ತಳ್ಳಿಹಾಕಿದ್ದರು. ನಾನು ಹಿಂದಿನಿಂದ ಇವರ ಕುತ್ತಿಗೆ ತಬ್ಬಿಕೊಂಡು ಅತ್ತೆ. ಪತ್ತೇದಾರಿಯ ಕಣ್ಣೀರಲ್ಲೂ ಉಪ್ಪೇ ಇರುತ್ತದೆ.

ಸ್ವಲ್ಪ ಸಮಾಧಾನವಾದ ಮೇಲೆ ಇಸ್ತ್ರಿಯವಳು ಹೇಳಿದ್ದನ್ನು ಹೇಳಿದೆ. ನನ್ನ ಮುಖ, ನನ್ನ ಕೋಟು, ಸೊಟ್ಟ ಬೈತಲೆ. ಇವರು ತಲೆ ಎತ್ತಿದರು. ಏನೋ ಹೇಳಲು ಬಾಯಿ ತೆರೆದರು.

ಹೊತ್ತು ಆಗತಾನೆ ಮುಳುಗಿತ್ತು. ಹೊರಗೆ ಯಾರೋ ಬಾಗಿಲು ತಟ್ಟಿದರು.

*

ತಮ್ಮನಾದರೆ ಗುದ್ದುತ್ತಾನೆ. ಇದು ಬೆರಳ ಗೆಣ್ಣಿನಿಂದ, ಮೆಲ್ಲಗೆ, ತಟ್ಟಲೋ ಬೇಡವೋ ಎನ್ನುವ ಹಾಗೆ. ಬಾಗಿಲು ತೆಗೆದೆ.

ನಾನೇ ನಿಂತಿದ್ದೆ.

ನೀಲಿ ಕೋಟು, ಕನ್ನಡಕ, ಎಡ ಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ಬಿದ್ದ ಗಾಯದ ಗುರುತು. ಕೂದಲು ಅಡ್ಡಾದಿಡ್ಡಿ ಇಬ್ಭಾಗವಾಗಿತ್ತು. ಅವಳು ಹೊಸ್ತಿಲಿನಾಚೆ, ಮೆಟ್ಟಿಲಿನ ಮೇಲೆ ನಿಂತಿದ್ದಳು. ಒಳಗೆ ಬರುವ ಪ್ರಯತ್ನ ಮಾಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನನ್ನ ಮುಖ ಹಾಕಿಕೊಂಡು ನನ್ನ ಗಂಡನ ಪ್ರಾಣಕ್ಕೆ ಕುತ್ತು ತಂದವಳು ನನ್ನ ಬಾಗಿಲಿಗೇ ಬಂದಿದ್ದಾಳೆ. ಆ ಮುಖ ಕಳಚು ಎಂದೆ.

"ಕಳಚೋಕೆ ನನ್ನ ಹತ್ರ ಬೇರೆ ಮುಖ ಇಲ್ಲ."

ದನಿಯೂ ನನ್ನದೇ, ಆದರೆ ಬಹಳ ದಿನ ಯಾರ ಜೊತೆಗೂ ಮಾತಾಡದವರ ದನಿ. ಆಗ ನೋಡಿದೆ. ಕೋಟಿನ ಎಡಪಕ್ಕದಲ್ಲಿ, ಸೊಂಟದಿಂದ ಕಂಕುಳವರೆಗೆ, ಕೆಂಪು ದಾರದ ಕಚ್ಚಾ ಹೊಲಿಗೆ. ನಿನ್ನೆ ನಾನು ತೊಟ್ಟಿದ್ದ ಕೋಟು. ಇವತ್ತೂ ನನ್ನ ಮೈಮೇಲಿರುವ ಕೋಟು. ನನ್ನ ಪಕ್ಕ ಮುಟ್ಟಿ ನೋಡಿಕೊಂಡೆ, ನನ್ನದರಲ್ಲಿ ಕೆಂಪು ದಾರ ಇರಲಿಲ್ಲ.

ಇದು ಎರವಲು ಮುಖವಲ್ಲ. ಇದು ನಾನು. ಮುಂದೆ ಯಾವತ್ತೋ ಒಂದು ದಿನದಿಂದ ಹೊರಟು ನಿನ್ನೆಗೆ ಬಂದ ನಾನು.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹಿಂದಿನಿಂದ ಇವರು ಬಂದರು. ಅವಳ ಎದೆಯಲ್ಲಿ ಏನೂ ಬಡಿಯುತ್ತಿಲ್ಲವೆಂದು ಇವರಿಗೆ ಗೊತ್ತಾಗಿರಬೇಕು, ಇವರ ಮುಖ ಕುಸಿದುಹೋಯಿತು.

"ಗುಬ್ಬಿ," ಅಂದರು. ನನಗಲ್ಲ, ಅವಳಿಗೆ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಷ್ಟು ವರ್ಷವಾಯಿತೋ ಆ ಹೆಸರು ಕೇಳಿ. ಅವಳು ಇವರ ಮುಖವನ್ನು ನೋಡಿದ ರೀತಿಗೆ, ನನಗೆ ನಾನೇ ಅಡ್ಡ ನಿಂತಿದ್ದೇನೆ ಅನ್ನಿಸಿ ಪಕ್ಕಕ್ಕೆ ಸರಿದೆ.

ಕಷ್ಟಪಟ್ಟು ಅವಳು ಹೇಳಿದ್ದು ಇಷ್ಟು. ಅವಳ ಸಲವೂ ಅಜ್ಜ ಸತ್ತಿದ್ದ. ಅವಳ ಸಲವೂ ಇಸ್ತ್ರಿಯವಳು ನೀವೇ ಬಂದಿದ್ರಿ ಅಂದಿದ್ದಳು. ಅವಳೂ ಯಾರೋ ತನ್ನ ಮುಖ ಕದ್ದಿದ್ದಾರೆಂದುಕೊಂಡು ಊರೆಲ್ಲ ಅಲೆದಿದ್ದಳು, ಯಾರೂ ಸಿಗಲಿಲ್ಲ. ಕತ್ತಲಾಯಿತು, ತಮ್ಮ ಬಂದ, ಇವರನ್ನು ಕರೆದುಕೊಂಡು ಹೋದ. ಬೆಳಗಾಯಿತು.

ಮಾರನೆಯ ದಿನವೇ ಅವಳು ಊರಾಚೆಯ ರಕ್ತ ಕುಡಿಯುವವರಲ್ಲಿ ಒಬ್ಬಳ ಮನೆ ಹುಡುಕಿಕೊಂಡು ಹೋಗಿ, ತನ್ನನ್ನು ಕಚ್ಚು ಎಂದು ಕಾಲು ಹಿಡಿದಳು. ಸಾಯುವಂತಿರಲಿಲ್ಲ ಅವಳು. ಇನ್ನೊಬ್ಬ ರಫೂಗಾರ ಎಲ್ಲಿದ್ದರೂ ಹುಡುಕಬೇಕಿತ್ತು, ಅದಕ್ಕೆ ಒಂದು ಆಯಸ್ಸು ಸಾಲದು. ಹುಡುಕಿದಳು. ಕೊನೆಗೆ ಎಲ್ಲೋ ಒಬ್ಬ ಸಿಕ್ಕಿದ. ಜೋಪಾನವಾಗಿಟ್ಟಿದ್ದ ಈ ಕೋಟು ಅವನ ಕೈಗೆ ಕೊಟ್ಟು, ಅಜ್ಜ ಸಾಯುವ ಮುಂಚೆಯೇ ಅಂಗಡಿಗೆ ಬಂದು ಕೂತಳು. ಕೊಲೆಗಾರನನ್ನು ಕೈಯಾರೆ ಹಿಡಿಯಲು.

"ಬಾಗಿಲ ಮೇಲೆ ಕಣ್ಣಿಟ್ಟು ಕೂತೆ," ಎಂದಳು. "ಬರ್ತಾನೆ, ಈಗ ಬರ್ತಾನೆ ಅಂತ. ಯಾರೂ ಬರಲಿಲ್ಲ."

ಅಂಗಡಿಯ ಆ ಸ್ಟೂಲು ನನಗೆ ನೆನಪಾಯಿತು.

"ಪಕ್ಕದಲ್ಲಿ ಅಜ್ಜ ಇವರ ಅಂಗಿ ಬಿಚ್ತಾ ಇದ್ದ. ಇವರು ಹೋಗೋಕೆ ಹೊರಟಿದ್ದು ನನಗೂ ಗೊತ್ತಿತ್ತು. ಆದ್ರೆ ಒಂದೊಂದೇ ಹೊಲಿಗೆ ಕಣ್ಣ ಮುಂದೆ ಬಿಚ್ಚೋದನ್ನ ನೋಡ್ತಾ ಕೂರೋದಿದೆಯಲ್ಲ. ಕೊಲೆಗಾರನನ್ನ ಹಿಡಿದರೂ ನಾಳೆ ಇವರು ಇರಲ್ಲ ಅಂತ ಆಗ ಹೊಳೀತು. ಬೇಡ ಅಜ್ಜ, ಅಂಗಿ ವಾಪಸ್ ಕೊಡು ಅಂದೆ. ಕೈ ಹಾಕಿದ ಬಟ್ಟೆ ಅರ್ಧಕ್ಕೆ ಬಿಟ್ಟು ಕೊಡೋ ಪದ್ಧತಿ ನಮ್ಮಲ್ಲಿಲ್ಲಮ್ಮ ಅಂದ. ಕೈ ಹಿಡ್ಕೊಂಡೆ. ಬಿಡಿಸ್ಕೊಂಡು ಮತ್ತೆ ಸೂಜಿ ಎತ್ತಿದ. ಆಮೇಲೆ ನನಗೆ ಬುದ್ಧಿ ಬಂದಾಗ ನನ್ನ ಬಾಯೆಲ್ಲ ಅವನ ರಕ್ತ."

ಇವರನ್ನು ಉಳಿಸಿಕೊಳ್ಳಲು ಬಂದವಳು ಇವರನ್ನು ಬಿಸಿಲಿಗೆ ಹಾಕಿಸುವ ಕೊಲೆಯನ್ನು ತಾನೇ ಮಾಡಿದ್ದಳು. ಇಷ್ಟು ವರ್ಷ ಯಾರನ್ನು ಹುಡುಕಿದಳೋ ಅವಳನ್ನೇ ಹೊತ್ತುಕೊಂಡು ತಿರುಗಿದ್ದಳು.

ದಾರ ಕಿತ್ತು ವಾಪಸ್ ಹೋಗಬಹುದಿತ್ತಲ್ಲ ಎಂದು ಇವರು ಕೇಳಿದರು.

"ಹೋಗಿ? ಅಲ್ಲಿ ಯಾರಿದ್ದಾರೆ ನನಗೆ?" ಅವಳು ನನ್ನ ಕಡೆ ತಿರುಗಿದಳು. "ನನ್ನ ಸಲ ಈ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಅದಕ್ಕೇ ಬಂದೆ. ನನ್ನನ್ನ ತೋರಿಸು. ಅಜ್ಜ ಇಲ್ಲ, ಇವರಿಗೆ ಇನ್ನು ಹೋಗೋಕೂ ಆಗಲ್ಲ. ನಿನ್ನ ಎದೆ ಎಷ್ಟು ದಿನ ಬಡಿಯುತ್ತೋ ಅಷ್ಟು ದಿನ ಜೊತೆಗಿರಿ. ನನಗೆ ಸಿಗಲಿಲ್ಲ, ನೀನಾದ್ರೂ ಇರು."

ಇವರು ಅಡ್ಡ ಬಂದರು. ಯಾರನ್ನೂ ತೋರಿಸುವುದು ಬೇಡ, ನಾನೇ ಕೊಂದೆನೆಂದು ಹೇಳುತ್ತೇನೆ ಎಂದರು. ಅವಳು ಬೇಡವೆಂದಳು. ಕೆಳಗೆ ಜೀಪು ನಿಂತ ಸದ್ದಾಯಿತು, ಮೆಟ್ಟಿಲ ಮೇಲೆ ಬೂಟಿನ ಸದ್ದು.

ತಮ್ಮ ಅರ್ಧ ಮೆಟ್ಟಿಲಿನಲ್ಲೇ ನಿಂತುಬಿಟ್ಟ. ಹೊಸ್ತಿಲಿನಾಚೆ ಒಬ್ಬಳು ಅಕ್ಕ, ಒಳಗೆ ಒಬ್ಬಳು. ಹಿಂದೆ ಇದ್ದ ಪೊಲೀಸಿನವನಿಗೆ ಅಲ್ಲೇ ಇರು ಎಂದು ಸನ್ನೆ ಮಾಡಿದ. ಇವರು ನಾನೇ ಕೊಂದೆ ಎಂದರು. ಅವಳು ಅದೇ ಹೊತ್ತಿಗೆ ನಾನೇ ಕೊಂದೆ ಎಂದಳು. ತಮ್ಮ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನೇ ನೋಡಿದ.

"ಅಕ್ಕ, ನೀನು ಹೇಳು."

ಸತ್ಯ ಒಂದೇ ಇತ್ತು, ಅದನ್ನು ಹುಡುಕುವುದೇ ನನ್ನ ಕಸುಬು. ಅದಲ್ಲದೆ, ಮುಚ್ಚುಮರೆ ಯಾಕೆ, ನನಗೆ ನನ್ನ ಗಂಡ ಬೇಕಿತ್ತು. ಕೈ ಎತ್ತಿ ಅವಳ ಕಡೆ ತೋರಿಸಿದೆ. ಅವಳು ನನಗೆ ತಲೆದೂಗಿದಳು, ಒಳ್ಳೆಯ ಕೆಲಸ ಮಾಡಿದೆ ಅನ್ನುವ ಹಾಗೆ. ಆ ನೋಟ ನನಗೆ ಸಾಯುವವರೆಗೂ ಸಾಕು.

ತಮ್ಮ ಅವಳ ಕೈಗೆ ಕೋಳ ಹಾಕಿದ. ಹಾಕುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಅಳಬೇಡ ಕಣೋ ಎಂದಳು, ಥೇಟ್ ನನ್ನ ಹಾಗೇ.

ಮುಗಿಯಿತು ಎಂದು ನಾನು ಇವರ ತೋಳು ಹಿಡಿದೆ. ಇವರು ನನ್ನ ಬೆರಳುಗಳನ್ನು ಒಂದೊಂದಾಗಿ, ನೋವಾಗದ ಹಾಗೆ ಬಿಡಿಸಿದರು. ಹೊಸ್ತಿಲು ದಾಟಿ ಅವಳ ಪಕ್ಕಕ್ಕೆ ಹೋಗಿ ನಿಂತರು.

"ಇಷ್ಟು ವರ್ಷ ಒಬ್ಬಳೇ ಇದ್ದಾಳೆ," ಎಂದರು. "ಒಬ್ಬಳನ್ನೇ ಹೇಗೆ ಕಳಿಸಲಿ?"

ತಮ್ಮ ಬೇಡ ಭಾವ ಎಂದ. ಆ ಕೋಣೆಗೆ ಒಮ್ಮೆ ಬೀಗ ಹಾಕಿದರೆ ಹೊತ್ತು ನೆತ್ತಿಗೆ ಬರುವವರೆಗೆ ತೆಗೆಯುವಂತಿಲ್ಲ, ಒಳಗೆ ಯಾರಿದ್ದರೂ ಸರಿ ಎಂದ. ಇವರು ಗೊತ್ತು ಎಂದರು. ಅವಳು ಬೈದಳು, ದೂಡಿದಳು, ಕೋಳ ಹಾಕಿದ ಕೈಯಿಂದ ಇವರ ಎದೆಗೆ ಗುದ್ದಿದಳು. ಇವರು ಆ ಎರಡೂ ಕೈಗಳನ್ನು ಹಿಡಿದುಕೊಂಡರು. ಅವಳು ಸುಮ್ಮನಾಗಿ ಇವರ ಭುಜಕ್ಕೆ ಹಣೆ ಒತ್ತಿದಳು. ನನ್ನ ಹಣೆ ಒತ್ತುವ ಜಾಗವದು.

"ಬಾಗಿಲು ಹಾಕ್ಕೋ," ಎಂದರು ಇವರು ನನಗೆ. "ಚಳಿ ಇದೆ."

ಅವಳು ಇಳಿಯುತ್ತಾ ಇಳಿಯುತ್ತಾ ತಿರುಗಿ ನೋಡಿದಳು. ಈ ಸಲವೂ ಇವರನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು. ಕೆಳಗೆ ಜೀಪಿನ ಬಾಗಿಲು ಮುಚ್ಚಿಕೊಂಡಿತು.

ಇವರಿಲ್ಲದ ನಾಳೆ ನಾನು ಏನು ಮಾಡುತ್ತೇನೆಂದು ಯೋಚಿಸಬೇಕಾಗಿರಲಿಲ್ಲ. ಮಾಡಿದವಳೇ ಬಂದು ಹೇಳಿಹೋಗಿದ್ದಳು.